ಬೇಲಿ ಕಂತ್ರಾಟು: ಅಡಿಗೆ ಎಷ್ಟು ಎಂದು ಕೇಳುವ ಮೊದಲು

ನಮ್ಮ ಕರಾವಳಿಯಲ್ಲಿ ಮನೆ ಜಾಗಕ್ಕೆ ಬೇಲಿ ಹಾಕಿಸಬೇಕೆಂದು ಮೇಸ್ತ್ರಿಗೆ ಫೋನ್ ಮಾಡಿದವರು ಮೊದಲು ಕೇಳುವುದು ಒಂದೇ ಮಾತು: "ಅಡಿಗೆ ಎಷ್ಟಾಗ್ತದೆ?" ಮೂರು ಜನರನ್ನು ಕೇಳಿದರೆ ಮೂರು ರೇಟು ಬರುತ್ತದೆ, ಕಡಿಮೆ ಹೇಳಿದವನಿಗೆ ಕೆಲಸ ಹೋಗುತ್ತದೆ. ಆದರೆ ಆ ರೇಟಿನೊಳಗೆ ತಂತಿ ಎಷ್ಟು ದಪ್ಪ, ಅದರ ಮೇಲೆ ಸತು ಎಷ್ಟು, ಕಂಬ ಮಣ್ಣಿನೊಳಗೆ ಎಷ್ಟು ಅಡಿ, ಬುಡಕ್ಕೆ ಕಾಂಕ್ರೀಟು ಎಷ್ಟು ಎಂಬುದು ಯಾವುದೂ ಇರುವುದಿಲ್ಲ. ಕಡಿಮೆ ರೇಟು ಹೇಳಿದವನು ಹಣ ಉಳಿಸುವುದು ಈ ನಾಲ್ಕು ಕಡೆಯಲ್ಲೇ. ಕೆಲಸ ಮುಗಿದ ದಿನ ಈ ನಾಲ್ಕೂ ಕಣ್ಣಿಗೆ ಕಾಣುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಕಾಣುತ್ತವೆ. ಹಾಗಾಗಿ ರೇಟಿನ ಮಾತು ಕೊನೆಗಿರಲಿ. ಮೊದಲು ತೂಕ, ಆಳ, ದಿನ ಈ ಮೂರನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು.

ಅದಕ್ಕೂ ಮೊದಲು ಗಡಿ. ಅಜ್ಜನ ಕಾಲದ ಅಗಳು (ಗಡಿಯ ಕಂದಕ), ದರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನ ಸಾಲು ಮರ, "ಇಲ್ಲಿವರೆಗೆ ನಮ್ಮದು" ಎಂಬ ಬಾಯಿಮಾತು ಇವುಗಳನ್ನು ನಂಬಿ ಕಂಬ ನೆಡಬೇಡಿ. ಆರ್‌ಟಿಸಿ (ಪಹಣಿ) ಮತ್ತು ನಕ್ಷೆ ಇಟ್ಟುಕೊಂಡು ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಸರಕಾರಿ ಸರ್ವೆಯರು ನೆರೆಯವರಿಗೆ ನೋಟಿಸು ಕೊಟ್ಟು ಅಳೆದು ಗಡಿ ಗುರುತು ಮಾಡುತ್ತಾರೆ. ನೆರೆಯವರೂ ಇದ್ದಾಗಲೇ ಗಡಿಕಲ್ಲು ಹಾಕಿಸಿ, ಕಲ್ಲು ಕಾಣುವಂತೆ ಫೋಟೊ ತೆಗೆದಿಡಿ. ಬೇಲಿ ಮಾತ್ರವಲ್ಲ, ಕಂಬದ ಬುಡದ ಕಾಂಕ್ರೀಟೂ ನಿಮ್ಮ ಜಾಗದ ಒಳಗೇ ಇರಬೇಕು. ಆದ್ದರಿಂದ ಕಂಬದ ಸಾಲು ಗಡಿರೇಖೆಯಿಂದ 9 ಇಂಚಾದರೂ ಒಳಗೆ ಬರಲಿ. ನೆರೆಯವರ ಜೊತೆ ಅರ್ಧ ಅರ್ಧ ಖರ್ಚು ಹಾಕಿ ಗಡಿಯ ಮೇಲೆಯೇ ಹಾಕುವುದಾದರೆ ಅದನ್ನೂ ಬರೆದು ಇಬ್ಬರೂ ಸಹಿ ಮಾಡಿಕೊಳ್ಳುವುದು ಒಳ್ಳೆಯದು. ವರ್ಗ ಜಾಗಕ್ಕೆ (ಸ್ವಂತ ಪಟ್ಟಾ ಜಾಗಕ್ಕೆ) ಅಂಟಿಕೊಂಡ ಕುಮ್ಕಿಯನ್ನೂ ಸೇರಿಸಿ ಬೇಲಿ ಹಾಕುವ ಆಸೆ ನಮ್ಮ ಕಡೆ ಹಲವರಿಗಿದೆ. ಕುಮ್ಕಿ ಸರಕಾರದ ಜಾಗ, ಬೇಲಿ ಹಾಕಿದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ರಸ್ತೆಯ ಬದಿಗೆ ಹಾಕುವಾಗ ರಸ್ತೆ ಅಗಲವಾಗುವ ಗುರುತು ಎಲ್ಲಿಗಿದೆ, ಪರವಾನಗಿ ಬೇಕೇ ಎಂದು ಪಾಲಿಕೆಯಲ್ಲೋ ಪಂಚಾಯತಿನಲ್ಲೋ ಕೇಳಿಯೇ ಗುಂಡಿ ತೋಡಿಸಿ. ಮಂಗಳೂರಿನಲ್ಲಿ ರಸ್ತೆಯ ಅಂಚಿನಲ್ಲಿ ನೀರಿನ ಪೈಪು, ಯುಜಿಡಿ (ಒಳಚರಂಡಿ) ಜೊತೆಗೆ ಈಗ ಅಡುಗೆ ಅನಿಲದ ಪೈಪೂ ಹೋಗಿದೆ. ಪಿಕ್ಕಾಸು ಬೀಳುವ ಮೊದಲು ಅದು ಗೊತ್ತಿರಬೇಕು.

ಯಾವ ಬೇಲಿ ಎಂಬುದು ಮುಂದಿನ ಮಾತು. ಕೆಂಪುಕಲ್ಲಿನ ಪಾಗಾರ (ಕಾಂಪೌಂಡು ಗೋಡೆ) ನೋಡಲು ಚಂದ, ಮನೆಗೆ ಮರೆಯೂ ಆಗುತ್ತದೆ. ಆದರೆ ವರ್ಷಕ್ಕೆ 3,500 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಇಳಿಜಾರಿಗೆ ಅಡ್ಡವಾಗಿ ಪಾಗಾರ ಕಟ್ಟಿದರೆ ಅದು ನೀರಿಗೆ ಅಣೆಕಟ್ಟು ಆಗುತ್ತದೆ. ಆಷಾಢದಲ್ಲಿ ಮಗುಚಿ ಬೀಳುವ ಪಾಗಾರಗಳಲ್ಲಿ ಹೆಚ್ಚಿನವು ಬೀಳುವುದು ಕಲ್ಲು ಕೆಟ್ಟದಾಗಿ ಅಲ್ಲ, ಹಿಂದೆ ನಿಂತ ನೀರಿಗೂ ನೆನೆದ ಮಣ್ಣಿನ ನೀರಿಗೂ ಹೊರಗೆ ಹೋಗಲು ತೂತು ಇಲ್ಲದೆ. ಒಂದು ಬದಿಯ ಮಣ್ಣು ಇನ್ನೊಂದು ಬದಿಗಿಂತ ಎರಡು ಅಡಿ ಎತ್ತರವಿದ್ದರೆ ಅದು ಬೇಲಿಯ ಕೆಲಸವಲ್ಲ, ತಡೆಗೋಡೆಯ ಕೆಲಸ. ಅದಕ್ಕೆ ಇಂಜಿನಿಯರು ಬೇಕು. ಉಳಿದ ಕಡೆ ಚೈನ್‌ಲಿಂಕ್ ನೆಟ್ಟೇ (ಸುರುಳಿ ತಂತಿ ಹೆಣೆದ ಬಲೆಯೇ) ನಮ್ಮ ಮಳೆಗೆ ಸರಿ: ನೀರು, ಗಾಳಿ ಎರಡನ್ನೂ ಬಿಡುತ್ತದೆ. ಮರೆ ಬೇಕಾದರೆ ಒಳಬದಿಗೆ ದಾಸವಾಳ ನೆಟ್ಟರಾಯಿತು.

ಈಗ ತೂಕದ ವಿಷಯ. ನೆಟ್ಟನ್ನು ಎಲ್ಲರೂ ಗೇಜಿನಲ್ಲಿ ಹೇಳುತ್ತಾರೆ. 10 ಗೇಜ್ ಎಂದರೆ ತಂತಿಯ ದಪ್ಪ 3.25 ಮಿ.ಮೀ., 11 ಎಂದರೆ 2.95, 12 ಎಂದರೆ 2.64. ಗೇಜಿನ ಸಂಖ್ಯೆ ಹೆಚ್ಚಾದಂತೆ ತಂತಿ ತೆಳ್ಳಗೆ. 10ಕ್ಕೂ 11ಕ್ಕೂ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ. 2 ಇಂಚು ಕಣ್ಣಿನ (ಕಣ್ಣು ಎಂದರೆ ನೆಟ್ಟಿನ ತೂತು), 5 ಅಡಿ ಎತ್ತರ, 50 ಅಡಿ ಉದ್ದದ ಒಂದು ರೋಲು 10 ಗೇಜಿನದ್ದಾದರೆ 63–65 ಕೆ.ಜಿ. ಇರಬೇಕು. 11 ಗೇಜಾದರೆ 52ರ ಹತ್ತಿರ, 12 ಆದರೆ 42ರ ಹತ್ತಿರ. ಕಣ್ಣು 3 ಇಂಚಿಗೆ ಹಿಗ್ಗಿದರೆ 10 ಗೇಜಿನ ತಂತಿಯಲ್ಲೂ ರೋಲು ಸುಮಾರು 42 ಕೆ.ಜಿ.ಗೆ ಇಳಿಯುತ್ತದೆ. "10 ಗೇಜ್ ನೆಟ್" ಎಂದಷ್ಟೇ ಬರೆದ ಚೀಟಿಯಲ್ಲಿ ಕಣ್ಣಿನ ಅಳತೆ ಬಿಟ್ಟುಹೋದರೆ ಮೂರನೇ ಒಂದು ಪಾಲು ಕಬ್ಬಿಣವೇ ಹೋಯಿತು. ಆದ್ದರಿಂದ ಗೇಜು, ಕಣ್ಣು, ರೋಲಿನ ತೂಕ ಮೂರನ್ನೂ ಬರೆಸಿ, ಲೋಡು ಬಂದ ದಿನ ಒಂದು ರೋಲನ್ನಾದರೂ ತೂಗಿಸಿ. ಹಸಿರು ಪಿವಿಸಿ ಹೊದಿಕೆಯ ನೆಟ್ಟಿನಲ್ಲಿ ಇನ್ನೂ ಜಾಗ್ರತೆ ಬೇಕು. ಅಂಗಡಿಯವರು ಹೇಳುವ ದಪ್ಪ ಹೊದಿಕೆ ಸೇರಿಸಿದ್ದು, ಒಳಗಿನ ತಂತಿ 2 ಮಿ.ಮೀ. ಚಿಲ್ಲರೆ ಮಾತ್ರ ಇರಬಹುದು. ತುದಿಯಲ್ಲಿ ಪ್ಲಾಸ್ಟಿಕ್ ಸ್ವಲ್ಪ ಸುಲಿದು ಒಳತಂತಿಯನ್ನೇ ಅಳೆಯಬೇಕು.

ಸತುವಿನ ಲೇಪ ಇದಕ್ಕಿಂತಲೂ ಮುಖ್ಯ. ಕಡಲ ಬದಿಯ ಜಾಗಗಳಲ್ಲಂತೂ ಇದೇ ಮೊದಲ ಪ್ರಶ್ನೆಯಾಗಬೇಕು. "ಜಿಐ ತಂತಿ" (ಸತು ಲೇಪಿಸಿದ ಕಬ್ಬಿಣದ ತಂತಿ) ಎಂದರೆ ಎಲ್ಲವೂ ಒಂದೇ ಅಲ್ಲ. ಒಂದು ಚದರ ಮೀಟರಿಗೆ 40–50 ಗ್ರಾಂ ಸತು ಇರುವ ತೆಳು ಲೇಪದ್ದೂ ಜಿಐ, 240 ಗ್ರಾಂ ಇರುವ ದಪ್ಪ ಲೇಪದ್ದೂ ಜಿಐ. ಸುಮಾರು 7 ಗ್ರಾಂ ಸತು 1 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ದಪ್ಪವಾಗುತ್ತದೆ. ಅಂದರೆ ಮೊದಲನೆಯದರಲ್ಲಿ 6–7 ಮೈಕ್ರಾನ್, ಎರಡನೆಯದರಲ್ಲಿ ಸುಮಾರು 34. ಉಪ್ಪುಗಾಳಿ ತಾಗುವ ಕಡೆ ಸತು ವರ್ಷಕ್ಕೆ 2ರಿಂದ 4 ಮೈಕ್ರಾನ್ ಸವೆಯುತ್ತದೆ, ತೆರೆಯ ಹನಿ ಹಾರಿಬರುವಷ್ಟು ಹತ್ತಿರವಾದರೆ ಇನ್ನೂ ಬೇಗ. ಲೆಕ್ಕ ನೀವೇ ಹಾಕಿ ನೋಡಿ: ಮಲ್ಪೆ, ಸುರತ್ಕಲ್, ಉಳ್ಳಾಲದ ಕಡೆ ತೆಳು ಲೇಪದ ನೆಟ್ಟು ಎರಡು ಮೂರು ವರ್ಷಕ್ಕೆ ಕೆಂಪಾಗುತ್ತದೆ, ದಪ್ಪ ಲೇಪದ್ದು ಎಂಟರಿಂದ ಹದಿನೈದು ವರ್ಷ ತಡೆಯುತ್ತದೆ. ಬೆಲೆಯ ವ್ಯತ್ಯಾಸ ಇಷ್ಟು ದೊಡ್ಡದಿಲ್ಲ. ಚೈನ್‌ಲಿಂಕ್ ನೆಟ್ಟಿಗೆ ಐಎಸ್ 2721, ಮುಳ್ಳುತಂತಿಗೆ ಐಎಸ್ 278 ಎಂಬ ಭಾರತೀಯ ಮಾನಕಗಳಿವೆ. ಹಾಟ್ ಡಿಪ್ ಮಾಡಿದ್ದು (ಕರಗಿದ ಸತುವಿನಲ್ಲಿ ಅದ್ದಿದ್ದು), ಚದರ ಮೀಟರಿಗೆ ಇಷ್ಟು ಗ್ರಾಂ ಸತು ಎಂದು ಬಿಲ್ಲಿನಲ್ಲೇ ಬರೆದುಕೊಡಲು ಕೇಳಿ. ಬರೆಯಲು ಹಿಂದೆಗೆದರೆ ಆ ಮಾಲು ಬೇಡ. ಇನ್ನೊಂದು ಮರೆತುಹೋಗುವ ವಿಷಯ: ನೆಟ್ಟು ಎಷ್ಟೇ ಒಳ್ಳೆಯದಿರಲಿ, ಕಂಬಕ್ಕೆ ಕಟ್ಟುವಾಗ ಸ್ಲ್ಯಾಬಿನ ಸರಳು ಕಟ್ಟುವ ಕಪ್ಪು ಬೈಂಡಿಂಗ್ ವಯರನ್ನು ಬಳಸಿದರೆ ಅದು ಒಂದೇ ಮಳೆಗಾಲದಲ್ಲಿ ತುಕ್ಕಾಗಿ ತುಂಡಾಗುತ್ತದೆ. ಕಟ್ಟುವ ತಂತಿಯೂ ಜಿಐ ಆಗಿರಬೇಕೆಂದು ಬರೆಸಿ.

ಕಂಬದಲ್ಲಿ ಮೂರು ಜಾತಿ. ಕಾರ್ಕಳದ ಕಡೆಯಿಂದ ಬರುವ ಶಿಲೆಕಲ್ಲಿನ ಕಂಬಕ್ಕೆ ತುಕ್ಕಿಲ್ಲ, ಕೊಳೆಯುವುದಿಲ್ಲ. ಆದರೆ 5 ಇಂಚು ದಪ್ಪದ 7 ಅಡಿ ಕಂಬ 90 ಕೆ.ಜಿ. ತೂಗುತ್ತದೆ, ಲಾರಿ ಹೋಗದ ಓಣಿಯ ಜಾಗಕ್ಕೆ ಹೊತ್ತು ಸಾಗಿಸುವ ಕೂಲಿಯೇ ಜಾಸ್ತಿ. ಕಬ್ಬಿಣದ ಆಂಗಲ್ ಹಗುರ, ಬೇಗ ನಿಲ್ಲಿಸಬಹುದು. ಬರೀ ಪೇಂಟು ಬಳಿದ ಆಂಗಲ್ ಆದರೆ ಮಣ್ಣು ಸೇರುವ ಗೆರೆಯಲ್ಲಿಯೇ ತಿಂದುಹೋಗಿ ಅಲ್ಲಿಗೇ ಮುರಿಯುತ್ತದೆ. ನಮ್ಮ ಕಡೆ ಹೆಚ್ಚಿನವರು ಹಾಕಿಸುವುದು ಸಿಮೆಂಟು ಕಂಬ. ಇದರ ಗುಣ ತಿಳಿಯಲು ತುದಿಯನ್ನು ನೋಡಬೇಕು. 4 ಇಂಚು ಚೌಕದ ಕಂಬದಲ್ಲಿ ನಾಲ್ಕು ಸರಳು ಇರಬೇಕು, ಪ್ರತಿ ಸರಳಿನ ಹೊರಗೆ ಮುಕ್ಕಾಲು ಇಂಚು ಕಾಂಕ್ರೀಟು ಇರಬೇಕು. ಸರಳು ಅಂಚಿಗೆ ಬಂದಿದ್ದರೆ ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಉಬ್ಬಿ, ಕಂಬ ಉದ್ದಕ್ಕೆ ಸೀಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೇಡಿಕೆ ಜಾಸ್ತಿ ಇರುವುದರಿಂದ ಎರಕ ಹೊಯ್ದು ಐದಾರು ದಿನವಾದ ಕಂಬವನ್ನೂ ಲೋಡು ಮಾಡಿ ಕಳಿಸುವುದುಂಟು. ಅಂಚಿಗೆ ಮೊಳೆಯಿಂದ ಗೀರಿ ನೋಡಿ. ಹಿಟ್ಟಿನಂತೆ ಉದುರಿದರೆ ಕಂಬ ಇನ್ನೂ ಹಸಿ, ವಾಪಸು ಕಳಿಸಿ.

ಒಂದು ಜಾಗದ ಲೆಕ್ಕ ಹಾಕಿ ತೋರಿಸಿದರೆ ಮೇಸ್ತ್ರಿಯ ಎಸ್ಟಿಮೇಟು ಓದಲು ಸುಲಭವಾಗುತ್ತದೆ. 10 ಸೆಂಟ್ಸ್ ಎಂದರೆ 4,356 ಚದರಡಿ. ಜಾಗ ಚೌಕವಾಗಿದ್ದರೆ ಬದಿಗೆ 66 ಅಡಿ, ಸುತ್ತಳತೆ 264. ಗೇಟು ಮತ್ತು ಅದರ ಎರಡು ಕಂಬಕ್ಕೆ 12 ಅಡಿ ಬಿಟ್ಟರೆ ಬೇಲಿ 252 ಅಡಿ. ಎರಡು ಕಂಬದ ನಡುವೆ 8 ಅಡಿ ಮೀರಬಾರದು. ಮೂರು ಬದಿಯಲ್ಲಿ ಒಂಬತ್ತು ಒಂಬತ್ತು ಅಂಕಣ (ಎರಡು ಕಂಬದ ನಡುವಿನ ಜಾಗ), ಎದುರು ಬದಿಯಲ್ಲಿ ಗೇಟಿನ ಎಡಬಲಕ್ಕೆ ನಾಲ್ಕು ನಾಲ್ಕು, ಒಟ್ಟು 35 ಅಂಕಣ, 36 ಕಂಬ. ಇಷ್ಟನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಬಿಟ್ಟುಹೋಗುವುದು ಆಸರೆಗೆ ಓರೆಯಾಗಿ ಆನಿಸುವ ಓರೆ ಕಂಬ. ಪ್ರತಿ ಮೂಲೆಗೆ ಎರಡೂ ದಿಕ್ಕಿನಿಂದ ಒಂದೊಂದು, ಗೇಟಿನ ಪಕ್ಕದ ಎರಡು ಕೊನೆ ಕಂಬಕ್ಕೆ ಒಂದೊಂದು, ಹೀಗೆ ಹತ್ತು. ಒಟ್ಟು 46. ಓರೆ ಕಂಬವಿಲ್ಲದ ಮೂಲೆಯನ್ನು ನೆಟ್ಟಿನ ಎಳೆತ ಒಳಕ್ಕೆ ವಾಲಿಸುತ್ತದೆ. ಮೂಲೆ ಎರಡು ಇಂಚು ವಾಲಿದರೆ ಆ ಬದಿಯ ಇಡೀ ನೆಟ್ಟು ಜೋತುಬೀಳುತ್ತದೆ.

ಐದಡಿ ನೆಟ್ಟು, ಅದರ ಮೇಲೆ ಒಂದಡಿಯಲ್ಲಿ ಎರಡು ಸಾಲು ಮುಳ್ಳುತಂತಿ ಬೇಕಾದರೆ ಮಣ್ಣಿನ ಮೇಲೆ 6 ಅಡಿ ಕಂಬ ಬೇಕು, ಕೆಳಗೆ 2 ಅಡಿ. ಅಂದರೆ 8 ಅಡಿಯ ಕಂಬ. "7 ಅಡಿ ಸಾಕು, ಒಂದಡಿ ಹೂತರೆ ಅಲ್ಲಾಡುವುದಿಲ್ಲ" ಎಂಬ ಮಾತಿಗೆ ಒಪ್ಪಬೇಡಿ. ಗುಂಡಿ ಒಂದಡಿ ಚೌಕ, ಎರಡಡಿ ಆಳ. ಕಂಬದ ಜಾಗ ಕಳೆದರೆ ಗುಂಡಿಗೆ 1.78 ಘನ ಅಡಿ ಕಾಂಕ್ರೀಟು, 46 ಗುಂಡಿಗೆ ಸುಮಾರು 82 ಘನ ಅಡಿ. ಒಂದು ಪಾಲು ಸಿಮೆಂಟು, ಎರಡು ಪಾಲು ಹೊಯಿಗೆ (ಮರಳು), ನಾಲ್ಕು ಪಾಲು ಜಲ್ಲಿಯ ಮಿಶ್ರಣಕ್ಕೆ 15 ಚೀಲ ಸಿಮೆಂಟು, 36 ಘನ ಅಡಿ ಹೊಯಿಗೆ, 72 ಘನ ಅಡಿ ಜಲ್ಲಿ ಹಿಡಿಯುತ್ತದೆ. ಅಂಗಳಕ್ಕೆ ಬಂದದ್ದು ಏಳು ಚೀಲ ಸಿಮೆಂಟಾದರೆ ಗುಂಡಿಯ ಅರ್ಧಕ್ಕೆ ಮಣ್ಣೇ ಹೋಗುತ್ತದೆ ಎಂದು ಆ ಹೊತ್ತಿಗೇ ತಿಳಿಯಬಹುದು. ಚೀಲ ಎಣಿಸುವುದು ಯಾರಿಗೂ ಅವಮಾನವಲ್ಲ. ಹೊಯಿಗೆ ಹೊಳೆಯ ಸಿಹಿನೀರಿನದ್ದೋ ಎಂ-ಸ್ಯಾಂಡೋ ಆಗಿರಲಿ. ಕಡಲ ಹೊಯಿಗೆ, ಅಳಿವೆಬಾಗಿಲಿನ ಹೊಯಿಗೆ ಬೇಡವೇ ಬೇಡ, ಅದರ ಉಪ್ಪು ಕಂಬದೊಳಗಿನ ಸರಳನ್ನು ತಿನ್ನುತ್ತದೆ. ಕಲಸುವ ನೀರಿಗೂ ಇದೇ ಮಾತು.

10 ಗೇಜಿನ ನೆಟ್ಟಾದರೆ ಈ ಜಾಗಕ್ಕೆ ಸುಮಾರು 320 ಕೆ.ಜಿ. ಮೇಲೆ, ನಡುವೆ, ಕೆಳಗೆ ಎಳೆಯುವ ಮೂರು ಸಾಲು 8 ಗೇಜಿನ ತಂತಿ 756 ಅಡಿ, ತೂಕದಲ್ಲಿ 24 ಕೆ.ಜಿ. ಮುಳ್ಳುತಂತಿ 504 ಅಡಿ. ಇಲ್ಲೊಂದು ಸಣ್ಣ ಸಂಗತಿ ಇದೆ. 50 ಅಡಿಯ ಐದು ರೋಲು ಎಂದರೆ 250 ಅಡಿ, ಬೇಲಿ 252. ಎರಡಡಿಗೋಸ್ಕರ ಆರನೇ ರೋಲು ತರಲು ಯಾರಿಗೂ ಮನಸ್ಸಿಲ್ಲ, ನೆಟ್ಟನ್ನು ಜಗ್ಗಿ ಎಳೆದು ಮುಟ್ಟಿಸುತ್ತಾರೆ. ಅಷ್ಟು ಎಳೆದಾಗ ಕಣ್ಣು ಅಡ್ಡಕ್ಕೆ ಅಗಲವಾಗಿ ಎತ್ತರ ಕುಗ್ಗುತ್ತದೆ, ಕೆಳಗೆ ನಾಯಿ ನುಸುಳುವ ಸಂದು ಉಳಿಯುತ್ತದೆ. ಬಿಡಿ ತುಂಡು ಸೇರಿಸಿ 255 ಅಡಿ ತರಿಸಿ.

ಗುಂಡಿಯ ಆಳ ಎಲ್ಲ ಕಡೆ ಒಂದೇ ಇರುವಂತಿಲ್ಲ. ಗಟ್ಟಿ ಮುರಕಲ್ಲಿನ ಪಾದೆ (ಕೆಂಪುಕಲ್ಲಿನ ಬಂಡೆ) ಒಂದೂವರೆ ಅಡಿಯಲ್ಲೇ ಸಿಕ್ಕಿದರೆ ಬ್ರೇಕರಿನಿಂದ ಕೊರೆದು ಕಂಬ ನಿಲ್ಲಿಸಿದರೆ ಅದು ಕದಲುವುದಿಲ್ಲ, ಅಲ್ಲಿ ಅಷ್ಟೇ ಸಾಕು. ಕಷ್ಟ ಇರುವುದು ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಸೈಟುಗಳಲ್ಲಿ. ತುಂಬಿಸಿದ ಮಣ್ಣು ಎರಡು ಮೂರು ಮಳೆಗಾಲ ಕುಸಿಯುತ್ತಲೇ ಇರುತ್ತದೆ. ಗುಂಡಿ ಹಳೆಯ ಗದ್ದೆಯ ಮಣ್ಣು ಮುಟ್ಟುವವರೆಗೆ ಹೋಗಬೇಕು, ಆಗದಿದ್ದರೆ ಬುಡವನ್ನು ಒಂದೂವರೆ ಅಡಿ ಚೌಕಕ್ಕೆ ಅಗಲ ಮಾಡಬೇಕು. ಕಡಲ ಬದಿಯ ಹೊಯಿಗೆ ನೆಲದಲ್ಲಿ ಗುಂಡಿಯ ಬದಿ ಕುಸಿಯುವುದರಿಂದ ಅಲ್ಲಿಯೂ ಅಗಲದ ಬುಡವೇ. ದರೆಯ ತುದಿಯಲ್ಲಿ ಕಂಬ ನೆಡಲೇಬೇಡಿ. ಮೂರು ನಾಲ್ಕು ಅಡಿ ಒಳಗೆ ಸರಿದರೆ ಜಾಗ ಕಡಿಮೆಯಾಯಿತು ಎಂದು ಅನಿಸಬಹುದು, ಆದರೆ ತುದಿಯಲ್ಲಿ ತೋಡಿದ ಗುಂಡಿಗೆ ಇಳಿದ ಮಳೆನೀರೇ ದರೆಯನ್ನು ಒಡೆದು ಕಂಬ ಸಮೇತ ಕೆಳಗಿನ ಮನೆಯವರ ಅಂಗಳಕ್ಕೆ ತರುತ್ತದೆ.

ಮೊದಲು ನಾಲ್ಕು ಮೂಲೆಯ ಕಂಬ, ಅವುಗಳಿಗೆ ನೂಲು ಕಟ್ಟಿ ಆಮೇಲೆ ನಡುವಿನ ಕಂಬ. ತೂಕದ ಗುಂಡು ಹಿಡಿದು ಎರಡು ಮುಖದಲ್ಲಿ ನೇರ ನೋಡಬೇಕು. ಕಾಂಕ್ರೀಟು ನೆಲಕ್ಕಿಂತ ಎರಡು ಇಂಚು ಮೇಲೆ ಬಂದು, ಕಂಬದಿಂದ ಹೊರಕ್ಕೆ ಇಳಿಜಾರಾಗಿ ಸವರಿರಬೇಕು, ಬುಡದಲ್ಲಿ ನೀರು ನಿಲ್ಲಬಾರದು.

ಇನ್ನು ದಿನ. ಹೆಚ್ಚಿನ ಬೇಲಿ ಕೆಡುವುದು ಇಲ್ಲಿಯೇ. ಇವತ್ತು ಕಂಬ ನಿಲ್ಲಿಸಿ ನಾಳೆ ನೆಟ್ಟು ಎಳೆದರೆ ಹಸಿ ಕಾಂಕ್ರೀಟಿನೊಳಗೆ ಕಂಬ ಕೂದಲೆಳೆಯಷ್ಟು ತಿರುಗುತ್ತದೆ. ಸುತ್ತ ಒಂದು ಸಣ್ಣ ಸಂದು ಬಿಡುತ್ತದೆ, ಜೂನಿನಲ್ಲಿ ಅದರೊಳಗೆ ನೀರು ಇಳಿಯುತ್ತದೆ, ಆಮೇಲೆ ಆ ಕಂಬ ಎಂದೂ ಗಟ್ಟಿಯಾಗುವುದಿಲ್ಲ. ಕಂಬ ನಿಂತ ಮೇಲೆ ಏಳು ದಿನ ದಿನಕ್ಕೆರಡು ಸಲ ಬುಡಕ್ಕೆ ನೀರು ಹಾಕಬೇಕು, ಆ ಏಳು ದಿನ ನೆಟ್ಟು ಮುಟ್ಟಬಾರದು. ಮೇಸ್ತ್ರಿಗೆ ಇದು ಕಷ್ಟ ನಿಜ, ಎರಡು ಸಲ ಆಳು, ಎರಡು ಸಲ ಗಾಡಿ. ಅದಕ್ಕೆ ಬೇಕಾದರೆ ಸ್ವಲ್ಪ ಹೆಚ್ಚು ಕೊಡಿ, ದಿನ ಮಾತ್ರ ಬಿಡಬೇಡಿ. ನೀರು ಹಾಕುವವರು ಯಾರು ಎಂಬುದೂ ಮೊದಲೇ ಮಾತಾಗಿರಲಿ.

ಕೆಲಸಕ್ಕೆ ಒಳ್ಳೆಯ ಕಾಲ ಡಿಸೆಂಬರಿನಿಂದ ಮಾರ್ಚು. ಆಮೇಲೆ ಎಲ್ಲ ಆಳುಗಳು ಮಾಡಿನ (ಛಾವಣಿಯ) ಕೆಲಸ, ಶೀಟಿನ ಕೆಲಸ ಎಂದು ಓಡಾಡುತ್ತಿರುತ್ತಾರೆ. ಹೇಗಿದ್ದರೂ ಪತ್ತನಾಜೆಯ (ಮೇ 24ರ ಹೊತ್ತಿಗೆ ಬರುವ ತುಳುನಾಡಿನ ದಿನ) ಒಳಗೆ ಕಾಂಕ್ರೀಟು ಮುಗಿದಿರಬೇಕು. ಮಳೆ ಹಿಡಿದ ಮೇಲೆ ಗುಂಡಿಯಲ್ಲಿ ನೀರು ಬುಗ್ಗೆ ಏಳುತ್ತದೆ, ಅದರೊಳಗೆ ಸುರಿದ ಕಾಂಕ್ರೀಟಿನ ಸಿಮೆಂಟು ತೊಳೆದುಹೋಗಿ ಜಲ್ಲಿ ಮಾತ್ರ ಉಳಿಯುತ್ತದೆ.

ನೆಟ್ಟು ಎಳೆಯುವ ದಿನ ಹತ್ತಿರ ನಿಂತು ನೋಡಬೇಕಾದದ್ದು ಜೋಡಣೆ. ಎರಡು ರೋಲು ಸೇರುವ ಕಡೆ ಒಂದು ಸುರುಳಿ ತಂತಿಯನ್ನು ಬಿಚ್ಚಿ, ಎರಡೂ ಅಂಚಿನ ಕಣ್ಣಿಗೆ ಸೇರುವಂತೆ ಮೇಲಿನಿಂದ ತಿರುಗಿಸುತ್ತಾ ಇಳಿಸಬೇಕು. ಸರಿಯಾಗಿ ಮಾಡಿದರೆ ಜೋಡಿಸಿದ್ದು ಎಲ್ಲಿ ಎಂದೇ ಗೊತ್ತಾಗುವುದಿಲ್ಲ. ಒಂದರ ಮೇಲೊಂದು ಇಟ್ಟು ತಂತಿ ಬಿಗಿದರೆ ಅಲ್ಲಿಯೇ ಮೊದಲು ಬಾಯಿ ಬಿಡುತ್ತದೆ. ಸಾಲುತಂತಿಯನ್ನು ಕೈಯಿಂದ ಎಳೆದು ಸುತ್ತಿದರೆ ಸಾಲದು, ಪ್ರತಿ ಬದಿಗೆ ಬಿಗಿಮಾಡುವ ಟರ್ನ್‌ಬಕಲ್ ಇರಲಿ. ಮುಂದೆ ಸಡಿಲವಾದಾಗ ನೀವೇ ಒಂದು ಸುತ್ತು ತಿರುಗಿಸಬಹುದು. ಕಾಡುಹಂದಿ, ಮುಳ್ಳುಹಂದಿ ಬರುವ ಹಿತ್ತಿಲಾದರೆ ನೆಲಮಟ್ಟದಲ್ಲಿ ಒಂದು ಸಾಲು ಮುಳ್ಳುತಂತಿ ಎಳೆಸಿ, ಅಥವಾ ಎರಡು ಸಾಲು ಕೆಂಪುಕಲ್ಲು ಕಟ್ಟಿಸಿ ಅದರ ಮೇಲೆ ನೆಟ್ಟು ನಿಲ್ಲಿಸಿ. ಆ ಕಲ್ಲಿನ ಸಾಲಿನಲ್ಲಿ ನೀರು ಹರಿದುಬರುವ ಕಡೆಯೆಲ್ಲ ತೂತು ಬಿಟ್ಟಿರಬೇಕು. ಪ್ರಾಣಿ ತಡೆಯಲು ಮನೆಯ ಕರೆಂಟನ್ನು ಬೇಲಿಗೆ ಕೊಡುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಕಂಬದಿಂದ ಮನೆಗೆ ಬರುವ ಮೆಸ್ಕಾಂ ಕರೆಂಟು ವಯರು ಬೇಲಿಗೆ ತಾಗುವಂತೆ ಜೋತುಬಿದ್ದಿದ್ದರೆ ಕೆಲಸ ಶುರುವಾಗುವ ಮೊದಲೇ ಎತ್ತರಿಸಲು ಹೇಳಿ.

ಮೇಸ್ತ್ರಿಯನ್ನು ಆರಿಸುವಾಗ ಅವರು ಹೋದ ತಿಂಗಳು ಮಾಡಿದ ಬೇಲಿಯನ್ನು ನೋಡಿ ಪ್ರಯೋಜನವಿಲ್ಲ, ಅದು ಎಲ್ಲರದ್ದೂ ಚಂದವೇ. "ಮೇಸ್ತ್ರಿಗಳೇ, ಮೂರು ಮಳೆಗಾಲ ಕಳೆದ ನಿಮ್ಮ ಬೇಲಿ ಎಲ್ಲಿದೆ, ಒಮ್ಮೆ ತೋರಿಸ್ತೀರಾ?" ಎಂದು ಕೇಳಿ. ಅಲ್ಲಿ ಹೋಗಿ ಮೂಲೆಯ ಕಂಬ ನೇರವಿದೆಯೇ, ಕಟ್ಟಿದ ತಂತಿ ತುಕ್ಕಾಗಿದೆಯೇ, ಕಂಬದ ಬುಡದಲ್ಲಿ ಸಂದು ಬಿಟ್ಟಿದೆಯೇ ಎಂದು ಮಾತ್ರ ನೋಡಿದರೆ ಸಾಕು.

ಹಣ ಕೊಡುವ ಕ್ರಮವನ್ನು ಕೆಲಸದ ಹಂತಕ್ಕೆ ಕಟ್ಟಿಬಿಡಿ. ಮಾಲು ಬಂದು ತೂಗಿದ ಮೇಲೆ ಶೇ. 30, ಎಲ್ಲ ಕಂಬ ನಿಂತ ಮೇಲೆ 30, ನೆಟ್ಟು, ಮುಳ್ಳುತಂತಿ, ಗೇಟು ಮುಗಿದ ಮೇಲೆ 30. ಉಳಿದ 10 ಜುಲೈ ಕೊನೆಗೆ, ಜೋರು ಮಳೆ ಒಂದು ತಿಂಗಳು ಸುರಿದ ಮೇಲೆ. ಒಳ್ಳೆಯ ಕೆಲಸದವರು ಇದಕ್ಕೆ ಒಪ್ಪುತ್ತಾರೆ, ಒಪ್ಪಿದವರಿಗೆ ಹೇಳಿದ ದಿನ ತಪ್ಪದೆ ಕೊಡುವುದು ನಮ್ಮ ಪಾಲಿನ ಕೆಲಸ. ಜುಲೈಯಲ್ಲಿ ಮೇಸ್ತ್ರಿಯನ್ನು ಕರೆದುಕೊಂಡು ಬೇಲಿಯ ಉದ್ದಕ್ಕೆ ಒಮ್ಮೆ ನಡೆಯಿರಿ. ಪ್ರತಿ ಕಂಬದ ತಲೆಗೆ ಕೈಕೊಟ್ಟು ದೂಡಿ. ಅಲ್ಲಾಡಿದರೆ, ವಾಲಿದ್ದರೆ, ಬುಡದ ಮಣ್ಣು ಕೊಚ್ಚಿಹೋಗಿದ್ದರೆ ಸುಣ್ಣದಿಂದ ಗುರುತು ಹಾಕಿ. ಅದನ್ನು ಸರಿಮಾಡಿಕೊಡುವ ಮಾತು ಮೊದಲಿನ ಕಾಗದದಲ್ಲೇ ಇರಬೇಕು.

ಉಳಿದ ನೆಟ್ಟಿನ ತುಂಡನ್ನು ಮೇಸ್ತ್ರಿಯ ಗಾಡಿಗೆ ಹಾಕಿ ಕಳಿಸಬೇಡಿ, ಕೊಟ್ಟಿಗೆಯ ಮೂಲೆಯಲ್ಲಿ ಎತ್ತಿಡಿ. ತೆಂಗಿನ ಮಡಲು ಬಿದ್ದೋ ಮರದ ಗೆಲ್ಲು ಮುರಿದೋ ನೆಟ್ಟು ಹರಿದರೆ ಅದರಿಂದ ಒಂದೊಂದೇ ಸುರುಳಿ ಬಿಚ್ಚಿ, ಹರಿದ ಸುರುಳಿಯ ಜಾಗಕ್ಕೆ ತಿರುಗಿಸಿ ಇಳಿಸಿದರೆ ಅರ್ಧ ಗಂಟೆಯಲ್ಲಿ ಬೇಲಿ ಮೊದಲಿನಂತಾಗುತ್ತದೆ.